ಸಣ್ಣ ಕಾಲೇಜುಗಳ ಬೇಸ್‌ಬಾಲ್: ಪಿಚಿಂಗ್ ಅಂಕಿಗಳು, ಕಾನ್ಫರೆನ್ಸ್ ಸ್ಟ್ಯಾಂಡಿಂಗ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಕನ ಮಗನೋ, ಹಳೇ ಗೆಳೆಯನ ಮಗನೋ ಅಮೆರಿಕದ ಸಣ್ಣ ಕಾಲೇಜೊಂದರಲ್ಲಿ ಪಿಚರ್, ಅಂದರೆ ಬಾಲ್ ಎಸೆಯುವವನು, ಆಗಿರುತ್ತಾನೆ. ಮನೆಯವರ ವಾಟ್ಸಾಪ್ ಗುಂಪಿಗೆ ಲಿಂಕ್ ಬರುತ್ತದೆ. ತೆರೆದರೆ ಸಾಲು ಸಾಲು ಅಂಕಿಗಳು. ಹುಡುಗ ಚೆನ್ನಾಗಿ ಆಡಿದನಾ, ತಂಡ ಎಷ್ಟನೇ ಸ್ಥಾನದಲ್ಲಿದೆ, ಎರಡೂ ಗೊತ್ತಾಗುವುದಿಲ್ಲ. ಅಂಥವರಿಗಾಗಿ ಈ ಪುಟ. ಬೇಸ್‌ಬಾಲ್ ಸ್ವಲ್ಪ ಗೊತ್ತಿದ್ದರೆ ಸಾಕು. ಕಾಲೇಜು ಆಟದ ವಿಷಯ ಇಲ್ಲೇ ಹೇಳುತ್ತೇನೆ.

ಸಣ್ಣ ಕಾಲೇಜು ಬೇಸ್‌ಬಾಲ್ ಅಂದರೆ ಯಾವುದು?

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಮುಖ್ಯ ಸಂಸ್ಥೆ ಎನ್‌ಸಿಎಎ. ಅದರಲ್ಲಿ ಮೂರು ಡಿವಿಷನ್‌ಗಳಿವೆ. ಟಿವಿಯಲ್ಲಿ ಕಾಣುವ ದೊಡ್ಡ ವಿಶ್ವವಿದ್ಯಾಲಯಗಳು ಮೊದಲನೆಯದರಲ್ಲಿ. ಮೂರನೆಯದು, ಅಂದರೆ ಡಿವಿಷನ್ 3, ಸಂಖ್ಯೆಯಲ್ಲಿ ಎಲ್ಲಕ್ಕಿಂತ ದೊಡ್ಡದು. ಸುಮಾರು 430 ಕಾಲೇಜುಗಳಿವೆ, ಹೆಚ್ಚಿನವಕ್ಕೆ ಬೇಸ್‌ಬಾಲ್ ತಂಡ ಇದೆ. ಇದಲ್ಲದೆ ಎನ್‌ಎಐಎ ಅನ್ನುವ ಬೇರೆ ಸಂಸ್ಥೆಯಲ್ಲೂ ಸಣ್ಣ ಕಾಲೇಜುಗಳು ಆಡುತ್ತವೆ. ಈ ಪುಟದಲ್ಲಿ ಮುಖ್ಯವಾಗಿ ಡಿವಿಷನ್ 3 ಬಗ್ಗೆಯೇ ಮಾತು.

ಇಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಓದಿನ ಮೇಲೋ, ಮನೆಯ ಹಣಕಾಸಿನ ಸ್ಥಿತಿ ನೋಡಿಯೋ ನೆರವು ಸಿಗಬಹುದು, ಬಾಲ್ ಚೆನ್ನಾಗಿ ಎಸೆಯುತ್ತಾನೆ ಅಂತ ಸಿಗುವುದಿಲ್ಲ. ಮಂಗಳವಾರ ರಾತ್ರಿ ಬಸ್ಸಿನಲ್ಲಿ ವಾಪಸ್ ಬಂದು ಬುಧವಾರ ಬೆಳಗ್ಗೆ ಕೆಮಿಸ್ಟ್ರಿ ಪರೀಕ್ಷೆ ಬರೆಯುವ ಹುಡುಗರು ಇವರು. ನನಗೆ ಈ ಆಟದ ಮೇಲೆ ಪ್ರೀತಿ ಹುಟ್ಟಲು ಇದೇ ಮೊದಲ ಕಾರಣ.

ಇದಕ್ಕೆ ಹೇಳಿಕೊಳ್ಳುವಂಥ ಚರಿತ್ರೆ ಇದೆಯಾ?

ಕಾಲೇಜು ಬೇಸ್‌ಬಾಲ್ ಶುರುವಾಗಿದ್ದೇ ಸಣ್ಣ ಕಾಲೇಜುಗಳಿಂದ. 1859ರ ಜುಲೈ 1ರಂದು ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್‌ನಲ್ಲಿ ಆಮ್ಹರ್ಸ್ಟ್ ಮತ್ತು ವಿಲಿಯಮ್ಸ್ ಕಾಲೇಜುಗಳು ಆಡಿದವು. ಎರಡು ಕಾಲೇಜುಗಳ ನಡುವಿನ ಮೊದಲ ಬೇಸ್‌ಬಾಲ್ ಪಂದ್ಯ ಅದೇ. ಆಗಿನ ನಿಯಮಗಳು ಬೇರೆ, ಆಮ್ಹರ್ಸ್ಟ್ 73-32ರಿಂದ ಗೆದ್ದಿತು. ಎರಡೂ ಕಾಲೇಜುಗಳು ಇಂದಿಗೂ ಡಿವಿಷನ್ 3ರಲ್ಲಿವೆ. ನೆಸ್ಕ್ಯಾಕ್ ಅನ್ನುವ ಒಂದೇ ಕಾನ್ಫರೆನ್ಸ್‌ನಲ್ಲಿ, ಅಂದರೆ ಒಂದೇ ಲೀಗ್‌ನಲ್ಲಿ, ಆಡುತ್ತವೆ.

ಡಿವಿಷನ್ 3ಕ್ಕೆ ಪ್ರತ್ಯೇಕ ರಾಷ್ಟ್ರೀಯ ಚಾಂಪಿಯನ್‌ಶಿಪ್ ಬಂದದ್ದು 1976ರಲ್ಲಿ. ಒಹಾಯೊದ ಮರಿಯೆಟಾ ಕಾಲೇಜು ಆರು ಸಲ ಗೆದ್ದಿದೆ, 2011 ಮತ್ತು 2012ರಲ್ಲಿ ಬೆನ್ನುಬೆನ್ನಿಗೆ. 2020ರಲ್ಲಿ ಕೋವಿಡ್‌ನಿಂದ ಟೂರ್ನಿ ನಡೆಯಲಿಲ್ಲ. 2023ರಲ್ಲಿ ಲಿಂಚ್‌ಬರ್ಗ್, 2024ರಲ್ಲಿ ಮಿಸರಿಕೋರ್ಡಿಯಾ, 2025ರಲ್ಲಿ ವಿಸ್ಕಾನ್ಸಿನ್-ವೈಟ್‌ವಾಟರ್ ಗೆದ್ದವು.

ಪಿಚರ್‌ನ ಅಂಕಿಗಳ ಸಾಲನ್ನು ಹೇಗೆ ಓದಬೇಕು?

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ಪಿಚರ್ ಇಡೀ ಸೀಸನ್‌ನಲ್ಲಿ 58.1 ಇನ್ನಿಂಗ್ಸ್ ಎಸೆದಿದ್ದಾನೆ. 49 ಹಿಟ್, 14 ವಾಕ್, 61 ಸ್ಟ್ರೈಕ್‌ಔಟ್, 18 ಅರ್ನ್ಡ್ ರನ್. ಹಿಟ್ ಅಂದರೆ ಬ್ಯಾಟರ್ ಬಾಲ್ ಹೊಡೆದು ಬೇಸ್ ಸೇರುವುದು. ವಾಕ್ ಅಂದರೆ ನಾಲ್ಕು ಎಸೆತ ಗುರಿ ತಪ್ಪಿ ಬ್ಯಾಟರ್‌ಗೆ ಬೇಸ್ ಸಿಗುವುದು. ಸ್ಟ್ರೈಕ್ ಅಂದರೆ ಗುರಿಗೆ ಬಿದ್ದ ಅಥವಾ ಬ್ಯಾಟರ್ ಬೀಸಿ ತಪ್ಪಿದ ಎಸೆತ, ಮೂರಾದರೆ ಸ್ಟ್ರೈಕ್‌ಔಟ್. ಅರ್ನ್ಡ್ ರನ್ ಅಂದರೆ ಫೀಲ್ಡರ್‌ನ ತಪ್ಪಿಲ್ಲದೆ ಬಂದ ರನ್.

ಮೊದಲು ಆ 58.1. ಇಲ್ಲಿ ಚುಕ್ಕಿಯ ನಂತರದ 1 ಹತ್ತನೇ ಒಂದು ಭಾಗ ಅಲ್ಲ. ಒಂದು ಇನ್ನಿಂಗ್ಸ್‌ಗೆ ಮೂರು ಔಟ್, ಹಾಗಾಗಿ .1 ಅಂದರೆ ಒಂದು ಔಟ್, .2 ಅಂದರೆ ಎರಡು ಔಟ್. 58.1 ಅಂದರೆ 58 ಇನ್ನಿಂಗ್ಸ್ ಪೂರ್ತಿ, ಮೇಲೆ ಒಂದು ಔಟ್. ಕ್ಯಾಲ್ಕ್ಯುಲೇಟರ್‌ಗೆ 58.33 ಅಂತ ಹಾಕಬೇಕು.

ಇಆರ್‌ಎ ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಎಷ್ಟು ಅರ್ನ್ಡ್ ರನ್ ಕೊಟ್ಟ ಅನ್ನುವ ಲೆಕ್ಕ. 18ನ್ನು 9ರಿಂದ ಗುಣಿಸಿ 58.33ರಿಂದ ಭಾಗಿಸಿದರೆ 2.78. ಕ್ರಿಕೆಟ್‌ನಲ್ಲಿ ಬೌಲರ್‌ನ ಎಕಾನಮಿ ರೇಟ್ ನೋಡುತ್ತೀರಲ್ವಾ, ಹೆಚ್ಚುಕಡಿಮೆ ಅದೇ ಕೆಲಸ ಇದು ಮಾಡುತ್ತದೆ. ಕಡಿಮೆ ಇದ್ದಷ್ಟೂ ಒಳ್ಳೆಯದು.

ವಿಪ್ ಅಂದರೆ ಒಂದು ಇನ್ನಿಂಗ್ಸ್‌ಗೆ ಎಷ್ಟು ಜನರನ್ನು ಹಿಟ್ ಅಥವಾ ವಾಕ್ ಮೂಲಕ ಬೇಸ್‌ಗೆ ಬಿಟ್ಟ ಅನ್ನುವುದು. 49ಕ್ಕೆ 14 ಸೇರಿಸಿ 58.33ರಿಂದ ಭಾಗಿಸಿದರೆ 1.08. ಇದು ತುಂಬಾ ಒಳ್ಳೆಯ ಅಂಕಿ.

ಕೊನೆಗೆ ಸ್ಟ್ರೈಕ್‌ಔಟ್ ಮತ್ತು ವಾಕ್ ಪಕ್ಕಪಕ್ಕ ಇಟ್ಟು ನೋಡಿ. 61ಕ್ಕೆ 14. ಒಂದು ವಾಕ್‌ಗೆ ನಾಲ್ಕಕ್ಕಿಂತ ಜಾಸ್ತಿ ಸ್ಟ್ರೈಕ್‌ಔಟ್. ಒಂದೇ ಒಂದು ಅಂಕಿ ನೋಡಲು ಬಿಟ್ಟರೆ ನಾನು ಇದನ್ನೇ ನೋಡುತ್ತೇನೆ, ಇಆರ್‌ಎಯನ್ನಲ್ಲ.

ಇಆರ್‌ಎ ಮೇಲೆ ಅಷ್ಟೊಂದು ಅನುಮಾನ ಯಾಕೆ?

ಫೀಲ್ಡರ್‌ನ ಎರರ್‌ನಿಂದ, ಅಂದರೆ ತಪ್ಪಿನಿಂದ, ಬಂದ ರನ್ ಇಆರ್‌ಎಗೆ ಸೇರುವುದಿಲ್ಲ. ಯಾವುದು ಎರರ್, ಯಾವುದು ಹಿಟ್ ಅಂತ ತೀರ್ಮಾನಿಸುವುದು ಸ್ಕೋರರ್. ಸಣ್ಣ ಕಾಲೇಜಿನಲ್ಲಿ ಆ ಕುರ್ಚಿಯಲ್ಲಿ ಕೂರುವುದು ಹಲವು ಸಲ ಆ ಕಾಲೇಜಿನದೇ ವಿದ್ಯಾರ್ಥಿ. ಒಂದೇ ಥರದ ಬಾಲ್ ಒಂದು ಊರಿನಲ್ಲಿ ಹಿಟ್, ಇನ್ನೊಂದು ಊರಿನಲ್ಲಿ ಎರರ್ ಆಗುತ್ತದೆ. ಅದಕ್ಕೇ ಅರ್ನ್ಡ್ ರನ್ ಜೊತೆಗೆ ಒಟ್ಟು ಕೊಟ್ಟ ರನ್ ಎಷ್ಟು ಅಂತಲೂ ನೋಡಿ. ಎರಡರ ನಡುವೆ ದೊಡ್ಡ ಅಂತರ ಇದ್ದರೆ ಆ ತಂಡದ ಫೀಲ್ಡಿಂಗ್ ಸರಿಯಿಲ್ಲ ಅಂತ ಅರ್ಥ.

ಇನ್ನೊಂದು ತೊಡಕು ಇದೆ. ಸ್ಟಾರ್ಟರ್, ಅಂದರೆ ಪಂದ್ಯ ಶುರುಮಾಡಿದ ಪಿಚರ್, ಎದುರಾಳಿಗಳಲ್ಲಿ ಇಬ್ಬರನ್ನು ಬೇಸ್ ಮೇಲೆ ಬಿಟ್ಟು ಹೊರಗೆ ಹೋದ ಅಂದುಕೊಳ್ಳಿ. ಅವನ ಬದಲಿಗೆ ಬಂದ ಪಿಚರ್, ಅಂದರೆ ರಿಲೀವರ್, ಒಂದು ಹಿಟ್ ಕೊಟ್ಟು ಆ ಇಬ್ಬರೂ ರನ್ ಮಾಡಿದರು. ಆ ಎರಡೂ ರನ್ ಹೋದವನ ಖಾತೆಗೆ ಬೀಳುತ್ತವೆ. ರಿಲೀವರ್‌ನ ಇಆರ್‌ಎ 0.00 ಇದ್ದರೆ ಹಾಗೇ ಉಳಿಯುತ್ತದೆ. ಆದ್ದರಿಂದ ರಿಲೀವರ್‌ನನ್ನು ಅಳೆಯುವಾಗ, ಬಂದಾಗ ಬೇಸ್ ಮೇಲಿದ್ದವರಲ್ಲಿ ಎಷ್ಟು ಜನ ರನ್ ಮಾಡಿದರು ಅಂತ ಬಾಕ್ಸ್ ಸ್ಕೋರ್‌ನಲ್ಲಿ, ಅಂದರೆ ಪಂದ್ಯದ ಅಂಕಿಗಳ ಪಟ್ಟಿಯಲ್ಲಿ, ಹುಡುಕಿ.

ಎಲ್ಲಕ್ಕಿಂತ ದೊಡ್ಡ ಸಮಸ್ಯೆ ಸೀಸನ್‌ನ ಉದ್ದ. ಡಿವಿಷನ್ 3ರಲ್ಲಿ ಮಾಮೂಲಿ ಸೀಸನ್ 40 ಪಂದ್ಯ ಮೀರುವಂತಿಲ್ಲ. ಒಬ್ಬ ಒಳ್ಳೆಯ ಸ್ಟಾರ್ಟರ್‌ಗೂ 60 ಇನ್ನಿಂಗ್ಸ್ ಆಸುಪಾಸು ಸಿಕ್ಕರೆ ಹೆಚ್ಚು. ನಮ್ಮ ಉದಾಹರಣೆಯ ಹುಡುಗನಿಗೆ ಒಂದು ಕೆಟ್ಟ ಮಧ್ಯಾಹ್ನ ಬಂದು, ಒಂದು ಇನ್ನಿಂಗ್ಸ್‌ನಲ್ಲಿ ಏಳು ರನ್ ಹೋದರೆ 2.78 ಇದ್ದದ್ದು 3.79 ಆಗಿಬಿಡುತ್ತದೆ. ಹುಡುಗ ಬದಲಾಗಿಲ್ಲ, ಒಂದು ದಿನ ಕೆಟ್ಟಿತ್ತು ಅಷ್ಟೇ. ಇಷ್ಟು ಚಿಕ್ಕ ಸೀಸನ್‌ನಲ್ಲಿ ಇಆರ್‌ಎ ಹಿಡಿದು ಯಾರನ್ನೂ ಬೈಯಬೇಡಿ, ಹೊಗಳಲೂ ಬೇಡಿ.

ಹಾಗಾದರೆ ಇಆರ್‌ಎ ಪಟ್ಟಿಯಲ್ಲಿ ಮೊದಲ ಸ್ಥಾನ ಯಾರಿಗೆ ಕೊಡುತ್ತಾರೆ?

ಕನಿಷ್ಠ ಇನ್ನಿಂಗ್ಸ್ ಅನ್ನುವ ನಿಯಮ ಇದೆ. ತಂಡ ಆಡಿದ ಒಂದೊಂದು ಪಂದ್ಯಕ್ಕೆ ಒಂದು ಇನ್ನಿಂಗ್ಸ್ ಲೆಕ್ಕ. ತಂಡ 40 ಪಂದ್ಯ ಆಡಿದ್ದರೆ ಪಿಚರ್ ಕನಿಷ್ಠ 40 ಇನ್ನಿಂಗ್ಸ್ ಎಸೆದಿರಬೇಕು. ಇಲ್ಲದಿದ್ದರೆ ಎರಡು ಇನ್ನಿಂಗ್ಸ್ ಎಸೆದು ಸುಮ್ನೆ ಕೂತವನೂ ಪಟ್ಟಿಯ ತಲೆಗೆ ಬರುತ್ತಿದ್ದ.

ಗೆಲುವು-ಸೋಲು, ಸೇವ್ ಇವಕ್ಕೆ ಬೆಲೆ ಇದೆಯಾ?

ಹೆಚ್ಚಿಲ್ಲ. ಒಂಬತ್ತು ಇನ್ನಿಂಗ್ಸ್ ಪಂದ್ಯದಲ್ಲಿ ಸ್ಟಾರ್ಟರ್‌ಗೆ ಗೆಲುವು ಸಿಗಲು ಸಾಮಾನ್ಯವಾಗಿ ಐದು ಇನ್ನಿಂಗ್ಸ್ ಎಸೆದಿರಬೇಕು, ತಂಡ ಆಗ ಮುಂದಿರಬೇಕು. ಅಂದರೆ ಅರ್ಧ ಪಾಲು ತನ್ನ ಬ್ಯಾಟರ್‌ಗಳ ಕೈಯಲ್ಲಿದೆ. 1-0ರಿಂದ ಸೋತವನ ಸಂಕಟ ಆ ಅಂಕಣದಲ್ಲಿ ಕಾಣುವುದಿಲ್ಲ. ಸೇವ್ ಅಂದರೆ ತಂಡದ ಸಣ್ಣ ಮುನ್ನಡೆಯನ್ನು ಕೊನೆಯವರೆಗೆ ಕಾಪಾಡಿದ ರಿಲೀವರ್‌ಗೆ ಸಿಗುವ ಲೆಕ್ಕ.

ಕಾನ್ಫರೆನ್ಸ್ ಅಂದರೇನು? ಪಟ್ಟಿಯಲ್ಲಿ ಎರಡೆರಡು ದಾಖಲೆ ಯಾಕೆ?

ಅಕ್ಕಪಕ್ಕದ ರಾಜ್ಯಗಳ, ಒಂದೇ ಥರದ ಕಾಲೇಜುಗಳು ಸೇರಿ ಮಾಡಿಕೊಂಡ ಲೀಗ್ ಕಾನ್ಫರೆನ್ಸ್. ಸ್ಟ್ಯಾಂಡಿಂಗ್ಸ್ ಅಂದರೆ ಅದರ ಸ್ಥಾನಪಟ್ಟಿ, ದಾಖಲೆ ಅಂದರೆ ಗೆಲುವು-ಸೋಲಿನ ಲೆಕ್ಕ. ಪಟ್ಟಿಯಲ್ಲಿ ಒಂದು ಅಂಕಣ ಕಾನ್ಫರೆನ್ಸ್‌ನ ಒಳಗಿನ ಪಂದ್ಯಗಳದ್ದು, ಇನ್ನೊಂದು ಎಲ್ಲ ಪಂದ್ಯಗಳದ್ದು. ಸ್ಥಾನ ನಿರ್ಧಾರ ಆಗುವುದು ಮೊದಲನೆಯದರಿಂದ ಮಾತ್ರ.

ಉತ್ತರದ ರಾಜ್ಯಗಳಲ್ಲಿ ಮಾರ್ಚ್ ತಿಂಗಳಲ್ಲೂ ಮೈದಾನದ ಮೇಲೆ ಹಿಮ ಇರುತ್ತದೆ. ಅಲ್ಲಿನ ತಂಡಗಳು ಸ್ಪ್ರಿಂಗ್ ಬ್ರೇಕ್‌ನಲ್ಲಿ ಫ್ಲಾರಿಡಾಕ್ಕೋ ಅರಿಜೋನಾಕ್ಕೋ ಹೋಗಿ ಒಂದೇ ವಾರದಲ್ಲಿ ಹಲವು ಪಂದ್ಯ ಆಡಿ ಬರುತ್ತವೆ. ಆ ಗೆಲುವು-ಸೋಲು ಒಟ್ಟು ದಾಖಲೆಗೆ ಸೇರುತ್ತದೆ, ಕಾನ್ಫರೆನ್ಸ್ ಸ್ಥಾನಕ್ಕೆ ಸಂಬಂಧ ಇಲ್ಲ.

ಇದಕ್ಕೆ ನನ್ನ ಮನಸ್ಸಿನಲ್ಲಿ ಉಳಿದಿರುವ ಉದಾಹರಣೆ ಕ್ಯಾಲ್‌ಟೆಕ್. ನೊಬೆಲ್ ವಿಜ್ಞಾನಿಗಳ ಆ ಸಂಸ್ಥೆಯ ಬೇಸ್‌ಬಾಲ್ ತಂಡ 2003ರಿಂದ ಸತತ 228 ಪಂದ್ಯ ಸೋತಿತ್ತು. 2013ರ ಫೆಬ್ರವರಿಯಲ್ಲಿ ಪೆಸಿಫಿಕಾ ತಂಡವನ್ನು 9-7ರಿಂದ ಸೋಲಿಸಿ ಆ ಸರಣಿ ಮುರಿಯಿತು. ಆದರೆ ಪೆಸಿಫಿಕಾ ಅದರ ಕಾನ್ಫರೆನ್ಸ್‌ನ ತಂಡ ಅಲ್ಲ. ಅಷ್ಟು ದೊಡ್ಡ ಗೆಲುವಿನಿಂದ ಸ್ಟ್ಯಾಂಡಿಂಗ್ಸ್ ಒಂದಿಂಚೂ ಅಲುಗಲಿಲ್ಲ. ಹತ್ತು ವರ್ಷ ಸೋಲುತ್ತಲೇ ಪ್ರತಿ ವಸಂತದಲ್ಲೂ ಮೈದಾನಕ್ಕಿಳಿದ ಆ ಹುಡುಗರ ಬಗ್ಗೆ ನನಗೆ ತುಂಬಾ ಗೌರವ ಇದೆ.

"ಗೇಮ್ಸ್ ಬಿಹೈಂಡ್" ಲೆಕ್ಕ ಹೇಗೆ?

ಇಲ್ಲಿ ಪಾಯಿಂಟ್ ಇಲ್ಲ, ನೆಟ್ ರನ್ ರೇಟ್ ಕೂಡ ಇಲ್ಲ. ಗೆಲುವಿನ ಪ್ರಮಾಣದ ಮೇಲೆ ಸ್ಥಾನ. 16 ಪಂದ್ಯದಲ್ಲಿ 12 ಗೆದ್ದರೆ .750. ಪಂದ್ಯ ಟೈ ಆದರೆ ಅರ್ಧ ಗೆಲುವು, ಅರ್ಧ ಸೋಲು.

ಹಿಂದಿನ ತಂಡ ಎಷ್ಟು ಹಿಂದಿದೆ ಅಂತ ತಿಳಿಯಲು ಗೆಲುವಿನ ವ್ಯತ್ಯಾಸಕ್ಕೆ ಸೋಲಿನ ವ್ಯತ್ಯಾಸ ಸೇರಿಸಿ ಎರಡರಿಂದ ಭಾಗಿಸಿ. ಮೊದಲ ತಂಡ 12-4, ಅಂದರೆ 12 ಗೆಲುವು, 4 ಸೋಲು. ಎರಡನೆಯದು 10-5. ಗೆಲುವಿನಲ್ಲಿ 2, ಸೋಲಿನಲ್ಲಿ 1, ಒಟ್ಟು 3. ಅರ್ಧ ಮಾಡಿದರೆ ಒಂದೂವರೆ ಪಂದ್ಯ ಹಿಂದೆ.

ಮಳೆಗೆ ಪಂದ್ಯ ರದ್ದಾದಾಗ ಗೊಂದಲ ಶುರು. ಒಂದು ತಂಡ 11-5, ಇನ್ನೊಂದು 10-4 ಅಂದುಕೊಳ್ಳಿ. ಮೇಲಿನ ಲೆಕ್ಕದಲ್ಲಿ ಅಂತರ ಸೊನ್ನೆ. ಆದರೆ ಪ್ರಮಾಣ .688 ಮತ್ತು .714. ಕಡಿಮೆ ಗೆದ್ದ ತಂಡವೇ ಮೇಲೆ ಕೂರುತ್ತದೆ. ಒಂದು ಮಳೆ ಇಡೀ ಪಟ್ಟಿಯನ್ನು ತಿರುಗಿಸಬಹುದು. ಇದು ಅನ್ಯಾಯ ಅಂತ ನನಗೂ ಅನಿಸುತ್ತದೆ, ಆದರೆ ಮೇ ತಿಂಗಳಲ್ಲಿ ಪರೀಕ್ಷೆಗಳಿರುವಾಗ ಪಂದ್ಯ ಮತ್ತೆ ಆಡಿಸಲು ದಿನಗಳು ಎಲ್ಲಿಂದ ಬರಬೇಕು?

ಎರಡು ತಂಡ ಸಮ ಆದರೆ?

ಸಾಮಾನ್ಯವಾಗಿ ಮೊದಲು ಅವೆರಡೂ ಪರಸ್ಪರ ಆಡಿದಾಗ ಯಾರು ಹೆಚ್ಚು ಗೆದ್ದರು ಅಂತ ನೋಡುತ್ತಾರೆ. ಅದೂ ಸಮ ಆದರೆ ಹಲವೆಡೆ ಪಟ್ಟಿಯ ಮೇಲಿನ ತಂಡಗಳ ಎದುರಿನ ದಾಖಲೆ. ನಂತರದ ನಿಯಮಗಳು ಕಾನ್ಫರೆನ್ಸ್‌ನಿಂದ ಕಾನ್ಫರೆನ್ಸ್‌ಗೆ ಬೇರೆ. ಅವರವರ ಕೈಪಿಡಿಯಲ್ಲಿ ಬರೆದಿರುತ್ತದೆ.

ನಮ್ಮ ಹುಡುಗನೇ ಕಾನ್ಫರೆನ್ಸ್‌ನ ಅತ್ಯುತ್ತಮ ಪಿಚರ್. ಆದರೂ ತಂಡ ಕೆಳಗಿದೆ. ಯಾಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ನನಗೆ ಹೇಳಬೇಕಾದ ಮುಖ್ಯ ವಿಷಯವೂ ಇಲ್ಲೇ ಇದೆ.

ಕಾನ್ಫರೆನ್ಸ್ ಪಂದ್ಯಗಳು ಹೆಚ್ಚಾಗಿ ವಾರಾಂತ್ಯದ ಸರಣಿಗಳು. ಶುಕ್ರವಾರ ಒಂದು ಪಂದ್ಯ, ಶನಿವಾರ ಒಂದೇ ದಿನ ಎರಡು ಪಂದ್ಯಗಳ ಡಬಲ್‌ಹೆಡರ್. ಇದು ಒಂದು ಮಾದರಿ. ಕೆಲವೆಡೆ ನಾಲ್ಕು ಪಂದ್ಯ ಕೂಡ ಇರುತ್ತವೆ. ತಂಡದ ಒಂದನೇ ನಂಬರ್ ಪಿಚರ್ ಎಸೆಯುವುದು ಒಂದೇ ಪಂದ್ಯದಲ್ಲಿ. ಆಮೇಲೆ ಅವನ ಕೈಗೆ ವಾರದ ವಿಶ್ರಾಂತಿ ಬೇಕು.

ನೆಸ್ಕ್ಯಾಕ್‌ನಲ್ಲಿ ಬಹಳ ವರ್ಷ ಪೂರ್ವ, ಪಶ್ಚಿಮ ಅಂತ ಐದೈದು ತಂಡಗಳ ಎರಡು ಗುಂಪು ಇದ್ದವು. ತನ್ನ ಗುಂಪಿನ ನಾಲ್ಕು ತಂಡಗಳ ಜೊತೆ ಮೂರ್ಮೂರು ಪಂದ್ಯ, ಒಟ್ಟು 12. ಅದೇ ಲೆಕ್ಕ ಇಟ್ಟುಕೊಳ್ಳಿ. ಒಂದು ತಂಡದಲ್ಲಿ ಅದ್ಭುತ ಪಿಚರ್ ಒಬ್ಬನಿದ್ದಾನೆ, ಉಳಿದವರು ಸಾಲದು. ಅವನು ನಾಲ್ಕು ವಾರವೂ ಗೆದ್ದ, ಉಳಿದ ಎಂಟೂ ಪಂದ್ಯ ಸೋತರು. ದಾಖಲೆ 4-8. ಇನ್ನೊಂದು ತಂಡದಲ್ಲಿ ಹೆಸರು ಮಾಡಿದವರು ಯಾರೂ ಇಲ್ಲ, ಆದರೆ ಪರವಾಗಿಲ್ಲ ಅನ್ನುವಂಥ ಪಿಚರ್‌ಗಳು ಮೂವರಿದ್ದಾರೆ. ಪ್ರತಿ ಸರಣಿಯಲ್ಲೂ ಮೂರಕ್ಕೆ ಎರಡು ಗೆದ್ದರು. ದಾಖಲೆ 8-4. ಪ್ಲೇಆಫ್‌ಗೆ ಹೋಗುವುದು ಎರಡನೇ ತಂಡ.

ಸಣ್ಣ ಕಾಲೇಜಿನ ಸ್ಟ್ಯಾಂಡಿಂಗ್ಸ್ ನಿರ್ಧಾರ ಆಗುವುದು ಶನಿವಾರ ಸಂಜೆ, ಮೂರನೇ ಪಂದ್ಯದಲ್ಲಿ. ಒಂದನೇ ಪಿಚರ್ ಎಲ್ಲ ತಂಡಕ್ಕೂ ಒಬ್ಬ ಇರುತ್ತಾನೆ. ಮೂರನೆಯವನು ಯಾರು, ಅವನ ನಂತರ ಬುಲ್‌ಪೆನ್‌ನಿಂದ, ಅಂದರೆ ರಿಲೀವರ್‌ಗಳ ಸಾಲಿನಿಂದ, ಬರುವ ಇಬ್ಬರು ಯಾರು, ಅಲ್ಲೇ ವ್ಯತ್ಯಾಸ. ತಂಡದ ಪುಟ ತೆರೆದಾಗ ಇಆರ್‌ಎ ಪಟ್ಟಿಯ ತಲೆ ನೋಡಬೇಡಿ. ನಾಲ್ಕು, ಐದು, ಆರನೇ ಹೆಸರುಗಳಿಗೆ ಇಳಿಯಿರಿ. ಅಲ್ಲಿ ವಾಕ್‌ಗಳು ಕಡಿಮೆ ಇದ್ದರೆ ಆ ತಂಡ ಮೇಲೇರುತ್ತದೆ.

ವಾಕ್‌ಗೆ ಯಾಕೆ ಇಷ್ಟು ಮಹತ್ವ?

ಬಾಲ್ ಹೊಡೆದರೆ ಫೀಲ್ಡರ್‌ಗೆ ಹಿಡಿಯುವ ಅವಕಾಶ ಇದೆ. ವಾಕ್ ಕೊಟ್ಟರೆ ಇಲ್ಲ, ಪುಕ್ಕಟೆ ಬೇಸ್. ಸಣ್ಣ ಕಾಲೇಜಿನಲ್ಲಿ ಕ್ಯಾಚರ್‌ನ ಎಸೆತ ದೊಡ್ಡ ಡಿವಿಷನ್‌ನವರಷ್ಟು ಚುರುಕಾಗಿರುವುದಿಲ್ಲ. ಹಾಗಾಗಿ ವಾಕ್ ಪಡೆದವನು, ಪಿಚರ್ ಎಸೆಯುವಾಗಲೇ ಓಡಿ, ಎರಡನೇ ಬೇಸ್ ಕದಿಯುತ್ತಾನೆ. ಒಂದು ಎರರ್, ಒಂದು ಸಾದಾ ಹಿಟ್, ರನ್ ಬಂದೇಬಿಟ್ಟಿತು. ದೊಡ್ಡ ಇನ್ನಿಂಗ್ಸ್‌ಗಳನ್ನು ಹಿಂದಕ್ಕೆ ಹೋಗಿ ಓದಿ ನೋಡಿ, ಹೆಚ್ಚಿನವು ವಾಕ್‌ನಿಂದಲೇ ಶುರುವಾಗಿರುತ್ತವೆ.

ವೇಗ ಬೇಕು, ನಿಜ. ಆದರೆ ಈ ಮಟ್ಟದಲ್ಲಿ ಹತ್ತು ಎಸೆತಕ್ಕೆ ಆರಕ್ಕಿಂತ ಜಾಸ್ತಿ ಸ್ಟ್ರೈಕ್ ಎಸೆಯುವ ಸಾಧಾರಣ ವೇಗದ ಹುಡುಗ, ಗುರಿಯಿಲ್ಲದ ವೇಗಿಗಿಂತ ತಂಡಕ್ಕೆ ಹೆಚ್ಚು ಪಂದ್ಯ ಗೆದ್ದುಕೊಡುತ್ತಾನೆ.

ಸ್ಟ್ಯಾಂಡಿಂಗ್ಸ್ ನೋಡಿದರೆ ತಂಡದ ನಿಜವಾದ ಬಲ ಗೊತ್ತಾಗುತ್ತದಾ?

ಪೂರ್ತಿ ಇಲ್ಲ. ಒಂದೊಂದು ರನ್‌ನಿಂದ ಗೆದ್ದ ತಂಡವೂ, ಹತ್ತು ರನ್‌ನಿಂದ ಗೆದ್ದ ತಂಡವೂ ಅಲ್ಲಿ ಒಂದೇ. ಬೇಸ್‌ಬಾಲ್ ಅಂಕಿಅಂಶಗಳ ತಜ್ಞ ಬಿಲ್ ಜೇಮ್ಸ್ ರೂಪಿಸಿದ ಸುಲಭ ಸೂತ್ರ ಒಂದಿದೆ. ತಂಡ ಗಳಿಸಿದ ರನ್‌ಗಳ ವರ್ಗವನ್ನು, ಗಳಿಸಿದ ರನ್‌ಗಳ ವರ್ಗ ಮತ್ತು ಕೊಟ್ಟ ರನ್‌ಗಳ ವರ್ಗ ಕೂಡಿದ ಮೊತ್ತದಿಂದ ಭಾಗಿಸಿ. 200 ಗಳಿಸಿ 150 ಕೊಟ್ಟ ತಂಡಕ್ಕೆ .640 ಬರುತ್ತದೆ. ನಿಜವಾದ ಪ್ರಮಾಣ .500 ಇದ್ದರೆ ಅದೃಷ್ಟ ಕೈಕೊಟ್ಟಿದೆ, ಅಥವಾ ಬಿಗಿಯಾದ ಪಂದ್ಯಗಳ ಕೊನೆಯಲ್ಲಿ ಎಸೆಯಲು ಒಳ್ಳೆಯ ರಿಲೀವರ್ ಇಲ್ಲ. ನನ್ನ ಅನುಭವದಲ್ಲಿ ಹೆಚ್ಚಾಗಿ ಎರಡನೆಯದೇ.

ಕಾನ್ಫರೆನ್ಸ್ ಗೆದ್ದರೆ ಏನು ಸಿಗುತ್ತದೆ?

ಸ್ಟ್ಯಾಂಡಿಂಗ್ಸ್‌ನ ಮೇಲಿನ ಕೆಲವು ತಂಡಗಳು ಕಾನ್ಫರೆನ್ಸ್ ಟೂರ್ನಿಗೆ ಹೋಗುತ್ತವೆ. ಟೂರ್ನಿ ಗೆದ್ದವರಿಗೆ ಸಾಮಾನ್ಯವಾಗಿ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ. ಅಂದರೆ ಇಡೀ ಸೀಸನ್ ಮೊದಲ ಸ್ಥಾನದಲ್ಲಿದ್ದವರೂ ಕೊನೆಯ ವಾರಾಂತ್ಯ ಎಡವಿದರೆ ಕಾಯುತ್ತ ಕೂರಬೇಕು. ಉಳಿದ ಕೆಲವೇ ಜಾಗಗಳನ್ನು ಒಟ್ಟು ಸಾಧನೆ ನೋಡಿ ಕೊಡುತ್ತಾರೆ. 2024-25ರಿಂದ ಅದಕ್ಕೆ ಎನ್‌ಪಿಐ ಅನ್ನುವ ಅಳತೆ ಬಂದಿದೆ. ಗೆಲುವಿನ ಪ್ರಮಾಣ, ಎದುರಾಳಿಗಳ ಬಲ ಅದರಲ್ಲಿ ಸೇರುತ್ತವೆ. ಫ್ಲಾರಿಡಾದಲ್ಲಿ ಮಾರ್ಚ್‌ನಲ್ಲಿ ಆಡಿದ ಪಂದ್ಯಗಳ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಹೆಚ್ಚಿನ ಟೂರ್ನಿಗಳಲ್ಲಿ ಎರಡು ಸಲ ಸೋತರೆ ಮಾತ್ರ ಹೊರಗೆ. ಮೊದಲೇ ಒಂದು ಸೋತ ತಂಡ ಮೂರು ದಿನದಲ್ಲಿ ನಾಲ್ಕೈದು ಪಂದ್ಯ ಆಡಬೇಕಾಗಬಹುದು. ಅಷ್ಟು ಪಿಚರ್‌ಗಳು ಎಲ್ಲಿದ್ದಾರೆ? ಕನೆಕ್ಟಿಕಟ್‌ನ ಟ್ರಿನಿಟಿ ಕಾಲೇಜು 2008ರಲ್ಲಿ 45-1 ದಾಖಲೆಯೊಂದಿಗೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಒಬ್ಬಿಬ್ಬರು ಪಿಚರ್‌ಗಳನ್ನು ನೆಚ್ಚಿಕೊಂಡ ತಂಡಕ್ಕೆ ಇಂಥ ದಾಖಲೆ ಆಗದ ಮಾತು.

ಹುಡುಗ ಶುಕ್ರವಾರ 120 ಬಾಲ್ ಎಸೆದು ಭಾನುವಾರ ಮತ್ತೆ ಬಂದ. ಇದು ಸರಿನಾ?

ನನ್ನ ಪ್ರಕಾರ ಸರಿಯಲ್ಲ. ಕಾಲೇಜು ಆಟದಲ್ಲಿ ಇಷ್ಟೇ ಬಾಲ್ ಎಸೆಯಬೇಕು ಅನ್ನುವ ಕಡ್ಡಾಯ ಮಿತಿಯನ್ನು ಎನ್‌ಸಿಎಎ ಹಾಕಿಲ್ಲ, ಕೋಚ್‌ನ ವಿವೇಕಕ್ಕೆ ಬಿಟ್ಟಿದೆ. ಒಳ್ಳೆಯ ಕೋಚ್‌ಗಳು ಲೆಕ್ಕ ಇಟ್ಟು ಹುಡುಗರನ್ನು ಕಾಪಾಡುತ್ತಾರೆ. ಮೊಣಕೈಯ ಲಿಗಮೆಂಟ್ ಹರಿದರೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ, ಆಮೇಲೆ ಒಂದು ವರ್ಷವೋ ಅದಕ್ಕಿಂತ ಜಾಸ್ತಿಯೋ ಆಟ ಇಲ್ಲ. ಮನೆಯವರು ಇಆರ್‌ಎ ಕೇಳುವ ಮೊದಲು "ಕೈ ಹೇಗಿದೆ?" ಅಂತ ಕೇಳಲಿ. ನೋವಿದ್ದರೆ ಕೋಚ್ ಮತ್ತು ಅಥ್ಲೆಟಿಕ್ ಟ್ರೈನರ್‌ಗೆ ಹೇಳು ಅನ್ನಲಿ. ಇಲ್ಲಿನ ಹುಡುಗರಲ್ಲಿ ಬಹುತೇಕ ಎಲ್ಲರಿಗೂ ಕಾಲೇಜಿನ ನಂತರ ಆ ಕೈ ಬೇರೆ ಕೆಲಸಕ್ಕೆ ಬೇಕು.

ಇಲ್ಲಿಂದ ಮೇಜರ್ ಲೀಗ್‌ಗೆ ಯಾರಾದರೂ ಹೋಗಿದ್ದಾರಾ?

ಅಮೆರಿಕದ ಅತಿ ದೊಡ್ಡ ವೃತ್ತಿಪರ ಲೀಗ್ ಅದು. ಹೋಗಿದ್ದಾರೆ. ದೊಡ್ಡ ಹೆಸರು ಬಿಲ್ಲಿ ವ್ಯಾಗ್ನರ್. ವರ್ಜೀನಿಯಾದ ಫೆರಮ್ ಕಾಲೇಜಿನವರು. ಚಿಕ್ಕವರಿದ್ದಾಗ ಬಲಗೈ ಮುರಿದು, ಎಡಗೈಯಲ್ಲಿ ಎಸೆಯಲು ಕಲಿತವರು. 1992ರ ಸೀಸನ್‌ನಲ್ಲಿ 51.1 ಇನ್ನಿಂಗ್ಸ್‌ನಲ್ಲಿ 109 ಸ್ಟ್ರೈಕ್‌ಔಟ್ ಮಾಡಿದರು, ಕೊಟ್ಟದ್ದು ಒಂಬತ್ತೇ ಹಿಟ್. ಒಂಬತ್ತು ಇನ್ನಿಂಗ್ಸ್‌ಗೆ 19.1 ಸ್ಟ್ರೈಕ್‌ಔಟ್ ಆಯಿತು. 1993ರ ಡ್ರಾಫ್ಟ್‌ನಲ್ಲಿ, ಅಂದರೆ ಮೇಜರ್ ಲೀಗ್ ತಂಡಗಳು ಹೊಸಬರನ್ನು ಆರಿಸುವಾಗ, ಹ್ಯೂಸ್ಟನ್ ಆಸ್ಟ್ರೋಸ್ ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತು. ಮೇಜರ್ ಲೀಗ್‌ನಲ್ಲಿ 422 ಸೇವ್, 2025ರಲ್ಲಿ ಹಾಲ್ ಆಫ್ ಫೇಮ್.

ವಿಸ್ಕಾನ್ಸಿನ್-ಸ್ಟೀವನ್ಸ್ ಪಾಯಿಂಟ್‌ನ ಜೋರ್ಡನ್ ಝಿಮ್ಮರ್‌ಮನ್ 2009ರಲ್ಲಿ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. 2014ರ ಸೆಪ್ಟೆಂಬರ್ 28ರಂದು ವಾಷಿಂಗ್ಟನ್ ನ್ಯಾಷನಲ್ಸ್ ಪರವಾಗಿ ಒಂದೂ ಹಿಟ್ ಕೊಡದೆ ಇಡೀ ಪಂದ್ಯ ಮುಗಿಸಿದರು. ವಿಸ್ಕಾನ್ಸಿನ್-ಓಶ್‌ಕಾಶ್‌ನ ಜ್ಯಾರಡ್ ವಾಶ್‌ಬರ್ನ್ 2002ರಲ್ಲಿ ಮೇಜರ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದ ಏಂಜಲ್ಸ್ ತಂಡದ ಸ್ಟಾರ್ಟರ್. ಆದರೂ ಇವರೆಲ್ಲ ಅಪರೂಪದವರು. ಹುಡುಗನ ಮುಂದೆ ಈ ಹೆಸರುಗಳನ್ನು ಪದೇ ಪದೇ ಎತ್ತಬೇಡಿ.

ಭಾರತದಲ್ಲಿ ಕೂತು ನೋಡಬಹುದಾ?

ನೋಡಬಹುದು. ಹಲವು ಕಾಲೇಜುಗಳು ಪಂದ್ಯಗಳನ್ನು ಇಂಟರ್ನೆಟ್‌ನಲ್ಲಿ ನೇರವಾಗಿ ತೋರಿಸುತ್ತವೆ. ವಿಡಿಯೋ ಇಲ್ಲದಿದ್ದರೂ ಲೈವ್ ಸ್ಟ್ಯಾಟ್ಸ್ ಇರುತ್ತದೆ, ಒಂದೊಂದು ಬಾಲ್‌ನ ವಿವರ ಬರುತ್ತದೆ. ಏಪ್ರಿಲ್‌ನಲ್ಲಿ ಅಮೆರಿಕದ ಪೂರ್ವ ಕರಾವಳಿಯ ಮಧ್ಯಾಹ್ನ ಒಂದು ಗಂಟೆ ಅಂದರೆ ನಮಗೆ ರಾತ್ರಿ ಹತ್ತೂವರೆ. ಶನಿವಾರದ ಡಬಲ್‌ಹೆಡರ್ ಆದರೆ ಎರಡನೇ ಪಂದ್ಯ ನಮ್ಮ ಭಾನುವಾರ ಬೆಳಗಿನ ಜಾವ. ಒಂದನ್ನೇ ನೋಡಲು ಆಗುವುದಾದರೆ ಬೇಗ ಮಲಗಿ, ಅಲಾರಂ ಇಟ್ಟು, ಆ ಎರಡನೆಯದನ್ನೇ ನೋಡಿ.